ಮುಖಕ್ಕೊಂದು ಕೃತಕ ಮೂಳೆ

ಹೇರೋಹಳ್ಳಿಯಿಂದ ಮಾಗಡಿ ರಸ್ತೆಗೆ ಬಂದ ಬೈಕ್ ಸವಾರನೊಬ್ಬ ಜಾರಿಬಿದ್ದನೆನ್ನಿ. ತಲೆಗೆ ಹೆಲ್ಮೆಟ್ ಇತ್ತು. ಆದರೆ ಕೆನ್ನೆ, ದವಡೆ ಮುಚ್ಚದ ಅರ್ಧ ಹೆಲ್ಮೆಟ್. ತಲೆ ಉಳಿಯಿತು, ಕೆನ್ನೆಯ ಮೂಳೆ ಕುಸಿಯಿತು. ಕಣ್ಣುಗುಡ್ಡೆಗೆ ಆಸರೆಯಾದ ಕಾಗದದಷ್ಟು ತೆಳು ಮೂಳೆಯೂ ಒಡೆಯಿತು. ಈಗ ಅವನಿಗೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಇಂಥ ಮುಖವನ್ನು ಮತ್ತೆ ಕಟ್ಟುವುದು ಹೇಗೆ?

ಮುಖ ಕಟ್ಟುವ ವಿದ್ಯೆ ನಮಗೆ ಹೊಸದಲ್ಲ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿಯಾಳು ಕಾವಸಜಿ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ. ಪುಣೆಯ ಬಳಿಯ ಕುಶಲಿಯೊಬ್ಬ ಅವನ ಹಣೆಯ ಚರ್ಮ ತಿರುಗಿಸಿ ಹೊಸ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಈ ಸಂಗತಿ ಅಚ್ಚಾಯಿತು. ಚರ್ಮವೇನೋ ಹಣೆಯಿಂದ ಸಿಕ್ಕಿತು. ಮೂಳೆ ಬೇಕಾದರೆ?

ರೋಗಿಯ ಸೊಂಟ, ಪಕ್ಕೆಲುಬು ಅಥವಾ ತಲೆಬುರುಡೆಯಿಂದ ತೆಗೆದ ಮೂಳೆಯೇ ಇಂದಿಗೂ ಉತ್ತಮ. ಆದರೆ ಅದಕ್ಕೆ ಇನ್ನೊಂದು ಗಾಯ, ಇನ್ನಷ್ಟು ನೋವು. ಕೂಡಿಸಿದ ಮೂಳೆ ಕ್ರಮೇಣ ಸ್ವಲ್ಪ ಕರಗುವುದೂ ಉಂಟು. ಆದ್ದರಿಂದಲೇ ಕೃತಕ ವಸ್ತುಗಳು ಬಂದವು.

ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಕಟ್ಟಡದ ಸಾರುವೆಯಂತೆ. ಕ್ಯಾಲ್ಸಿಯಂ ಫಾಸ್ಫೇಟಿನ ಹೈಡ್ರಾಕ್ಸಿಅಪಟೈಟ್ ನಮ್ಮ ಮೂಳೆಯ ಖನಿಜವನ್ನೇ ಹೋಲುತ್ತದೆ. 1974ರಲ್ಲಿ ಅಮೆರಿಕದ ವಿಜ್ಞಾನಿಗಳು ಸಮುದ್ರದ ಹವಳವನ್ನೇ ಇದಾಗಿ ಮಾರ್ಪಡಿಸಿ ತೋರಿಸಿದರು. ಅದರ ಸಣ್ಣ ರಂಧ್ರಗಳೊಳಗೆ ರಕ್ತನಾಳ, ಹೊಸ ಮೂಳೆ ಬೆಳೆಯುತ್ತವೆ. ಆದರೆ ಇದು ಪೆಡಸು; ಅಗಿಯುವ ಭಾರವನ್ನು ಒಂದೇ ತಾಳದು. ಮುರಿದ ದವಡೆಯನ್ನು ಹಿಡಿದಿಡಲು ಟೈಟಾನಿಯಂ ಪಟ್ಟಿ, ಸ್ಕ್ರೂಗಳೇ ಬೇಕು.

ಎರಡನೆಯದು ಮನೆಗೆ ಬಂದ ನೆಂಟನಂತೆ. ಸಿಲಿಕೋನ್ ಜಾಗ ತುಂಬುತ್ತದೆ, ಮೂಳೆಯಾಗುವುದಿಲ್ಲ. ಗಲ್ಲ ಚೂಪಾಗಲಿ, ಮೂಗು ಎತ್ತರವಾಗಲಿ ಎಂದು ಬಯಸುವವರಿಗೆ ಇದನ್ನು ಬಳಸುವುದುಂಟು. ಚೆನ್ನಾಗಿ ಕೂತರೆ ವರ್ಷಗಟ್ಟಲೆ ತೊಂದರೆಯಿಲ್ಲ. ಆದರೆ ಅದು ಸರಿದಾಡಬಹುದು, ಕೆಳಗಿನ ಮೂಳೆಯನ್ನು ಸವೆಸಬಹುದು. ಕೀವಾದರೆ ಹೆಚ್ಚಾಗಿ ತೆಗೆದೇ ಹಾಕಬೇಕಾಗುತ್ತದೆ.

ಮುರಿದ ಮುಖದವನಿಗೆ ಈ ಅಪಾಯ ಒಪ್ಪತಕ್ಕದ್ದೇ. ಅವನಿಗೆ ನೋಟ, ಊಟ, ಮಾತು ಮರಳಬೇಕು. ಚೆಲುವಿಗಾಗಿ ಹೋಗುವವರು ಮಾತ್ರ ಎರಡು ಸಲ ಯೋಚಿಸಬೇಕು. ಇಬ್ಬರೂ ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು ಇವು: ಒಳಗಿಡುವ ವಸ್ತು ಯಾವುದು? ಅದು ಮೂಳೆಯೊಂದಿಗೆ ಬೆರೆಯುವುದೋ, ಹಾಗೇ ಉಳಿಯುವುದೋ? ಕೆಟ್ಟರೆ ತೆಗೆಯಲು ಬರುವುದೇ? ಉತ್ತರವನ್ನು ಬರೆಸಿಕೊಂಡು, ವಸ್ತುವಿನ ಹೆಸರಿರುವ ಚೀಟಿಯನ್ನು ಜೋಪಾನವಾಗಿಡಬೇಕು. ಬೀಡಿ, ಸಿಗರೇಟು ಬಿಡಬೇಕು. ಹೊಗೆ ಗಾಯ ಮಾಯುವುದನ್ನು ತಡೆಯುತ್ತದೆ.

ಅದಕ್ಕೂ ಮೊದಲು, ಮುಖವನ್ನೂ ಮುಚ್ಚುವ ಹೆಲ್ಮೆಟ್ ಕೊಳ್ಳುವುದು ಮೇಲು. ಎಂಥ ಕೃತಕ ಮೂಳೆ ಬಂದರೂ, ಹುಟ್ಟಿನಿಂದ ಬಂದ ಮೂಳೆಗೆ ಸಾಟಿಯಿಲ್ಲ.