ಗಾಣಕ್ಕೆ ಹಾಕಿದ ಮನುಷ್ಯ

ವೀರಪ್ಪನ್ ಬೇಟೆಯ ಕುರಿತು ಸೆಲ್ವಮಣಿ ಸೆಲ್ವರಾಜ್ ನಿರ್ದೇಶಿಸಿದ ನಾಲ್ಕು ಕಂತುಗಳ ಸಾಕ್ಷ್ಯಚಿತ್ರ 2023ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಮೀಸೆ, ಆನೆದಂತ, ಗಂಧದ ಮರ ಇವನ್ನೆಲ್ಲ ನೋಡಲೆಂದೇ ಕೂತವರು ಹೆಚ್ಚು. ಆದರೆ ಅದರಲ್ಲಿ ಮನಸ್ಸಿಗೆ ಅಂಟಿಕೊಳ್ಳುವುದು ಬೇಟೆಗಾರನಿಗೂ ಬೇಟೆಗೂ ನಡುವೆ ಸಿಕ್ಕಿಬಿದ್ದ ಕಾಡಂಚಿನ ಹಳ್ಳಿಗರ ಪಾಡು.

ಅದು ಹೆಸರಿಗಷ್ಟೇ ಪೊಲೀಸ್ ಕಾರ್ಯಾಚರಣೆ, ನಡೆದದ್ದು ಯುದ್ಧ. 1991ರಲ್ಲಿ ಅರಣ್ಯಾಧಿಕಾರಿ ಶ್ರೀನಿವಾಸ್ ಅವರ ಕೊಲೆ, 1992ರಲ್ಲಿ ಎಸ್‌.ಪಿ. ಹರಿಕೃಷ್ಣ ಮತ್ತು ಸಬ್‌ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಹತ್ಯೆ, 1993ರಲ್ಲಿ ಪಾಲಾರ್ ನೆಲಬಾಂಬಿಗೆ 22 ಜನರ ಬಲಿ. ಸಿಟ್ಟು ಸಹಜವೇ. ಆ ಸಿಟ್ಟು ಬಂದು ಇಳಿದದ್ದು ಮಾತ್ರ ದನ ಮೇಯಿಸುವವರ ಮೇಲೆ, ಬಿದಿರು ಕಡಿಯುವವರ ಮೇಲೆ. ಮಲೆ ಮಹದೇಶ್ವರ ಬೆಟ್ಟದಲ್ಲಿದ್ದ ಕಾರ್ಯಪಡೆಯ ಶಿಬಿರಕ್ಕೆ 'ವರ್ಕ್‌ಷಾಪ್' ಎಂಬ ಹೆಸರು ಬಿದ್ದಿತ್ತು. ಅಲ್ಲಿ ರಿಪೇರಿಯಾದದ್ದು ಮೋಟಾರುಗಳಲ್ಲ. ತಲೆಕೆಳಗಾಗಿ ನೇತುಹಾಕಿ ಬಡಿದದ್ದನ್ನೂ ವಿದ್ಯುತ್ ಹರಿಸಿದ್ದನ್ನೂ ಗಂಡಸರು ಹೆಂಗಸರು ಮುಂದೆ ಸಾಕ್ಷ್ಯ ನುಡಿದರು.

ಇದಕ್ಕೆ ಸಮರ್ಥನೆ ಒಂದೇ: ಇಲ್ಲವಾದರೆ ಸುಳಿವು ಸಿಗುವುದು ಹೇಗೆ? ಹುಳಿಯಾರು, ತಿಪಟೂರು ಕಡೆಯವರಿಗೆ ಗಾಣದ ಲೆಕ್ಕ ಗೊತ್ತು. ಕೊಬ್ಬರಿಯನ್ನು ಎಷ್ಟೇ ಹಿಂಡಿದರೂ ಅದರಲ್ಲಿರುವಷ್ಟೇ ಎಣ್ಣೆ ಬರುತ್ತದೆ, ಒಂದು ತೊಟ್ಟು ಹೆಚ್ಚಿಲ್ಲ. ಮನುಷ್ಯನನ್ನು ಹಿಂಡಿದರೆ ಹಾಗಲ್ಲ, ಅವನಲ್ಲಿ ಇಲ್ಲದ್ದೂ ಬರುತ್ತದೆ. ಕಂಡಿಲ್ಲದವನು ಕಂಡೆ ಎನ್ನುತ್ತಾನೆ, ಅಕ್ಕಿ ಕೊಡದವನು ಕೊಟ್ಟೆ ಎನ್ನುತ್ತಾನೆ. ಎಸ್‌.ಪಿ. ದರ್ಜೆಯ ಅಧಿಕಾರಿಯ ಮುಂದೆ ಆಡಿದ ತಪ್ಪೊಪ್ಪಿಗೆಯನ್ನೇ ಪುರಾವೆ ಎನ್ನುತ್ತಿದ್ದ ಟಾಡಾ ಕಾಯ್ದೆ ಆಗ ಜಾರಿಯಲ್ಲಿತ್ತು. ಆ ಕಾಯ್ದೆಯಡಿ ವರ್ಷಗಟ್ಟಲೆ ಮೈಸೂರು ಜೈಲಿನಲ್ಲಿ ಕೊಳೆತವರಲ್ಲಿ ಬಹುಪಾಲು ಜನರನ್ನು 2001ರಲ್ಲಿ ವಿಶೇಷ ನ್ಯಾಯಾಲಯ ಖುಲಾಸೆ ಮಾಡಿತು.

ಇನ್ನೊಂದು ವಿಚಿತ್ರವಿದೆ. 2000ದಲ್ಲಿ ರಾಜಕುಮಾರ್ ಅವರನ್ನು ಒತ್ತೆ ಇಟ್ಟುಕೊಂಡ ವೀರಪ್ಪನ್ ಈ ಟಾಡಾ ಕೈದಿಗಳ ಬಿಡುಗಡೆ ಕೇಳಿದ. ಸರ್ಕಾರ ಒಪ್ಪಿತು. ತಡೆದವರು ಹತರಾದ ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ. ಸುಪ್ರೀಂ ಕೋರ್ಟಿಗೆ ಹೋದರು, ಗೆದ್ದರು. ಸೇಡಿಗೆ ಅವರಿಗಿಂತ ಹೆಚ್ಚಿನ ಕಾರಣ ಯಾರಿಗಿತ್ತು? ಆದರೂ ಅವರು ಕೇಳಿದ್ದು ನ್ಯಾಯಾಲಯದ ತೀರ್ಪನ್ನು. ಆ ತೀರ್ಪು ಬಂದಾಗ ಒಳಗಿದ್ದವರಲ್ಲಿ ಹೆಚ್ಚಿನವರು ತಪ್ಪಿತಸ್ಥರೆಂದು ಸಾಬೀತಾಗಲಿಲ್ಲ.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಿತು. 2003ರಲ್ಲಿ ವರದಿ ಬಂತು. 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರವನ್ನು ಆಯೋಗ ಶಿಫಾರಸು ಮಾಡಿದ್ದು 2007ರಲ್ಲಿ, ಅಂದರೆ ತಲೆಗೆ ಸರಾಸರಿ ಮೂರು ಲಕ್ಷ ಚಿಲ್ಲರೆ. 2004ರ ಅಕ್ಟೋಬರ್‌ನಲ್ಲಿ ವೀರಪ್ಪನ್ ಸತ್ತ ಬೆನ್ನಿಗೇ ತಮಿಳುನಾಡು ಸರ್ಕಾರ ತನ್ನ ಕಾರ್ಯಪಡೆಯವರಿಗೆ ತಲಾ ಮೂರು ಲಕ್ಷ, ನಿವೇಶನ, ಬಡ್ತಿ ಘೋಷಿಸಿತ್ತು. ಬೆಲೆ ಹೆಚ್ಚುಕಡಿಮೆ ಒಂದೇ. ಸಂದ ವೇಗ ಬೇರೆ. ಪರಿಹಾರವೂ ಖಜಾನೆಯದೇ, ಕೈಯೆತ್ತಿದವನ ಜೇಬಿನದಲ್ಲ.

ಹಾಗಾದರೆ ಹೊಣೆ ಯಾರದು? ಲಾಠಿ ಹಿಡಿದ ಪೇದೆ 'ಮೇಲಿನವರು ಹೇಳಿದರು' ಎನ್ನುತ್ತಾನೆ, ಮೇಲಿನವರು 'ಅದು ಯುದ್ಧಕಾಲ' ಎನ್ನುತ್ತಾರೆ. ಸಿಕ್ಕವರನ್ನೆಲ್ಲ ನಾಲ್ಕು ಬಾರಿಸಿ ಎಂದು ಊರೂರಲ್ಲಿ ಚಪ್ಪಾಳೆ ತಟ್ಟಿದವರನ್ನು ಯಾರೂ ಕೇಳುವುದಿಲ್ಲ. ಚಿತ್ರಹಿಂಸೆಯ ವಿರುದ್ಧ ವಿಶ್ವಸಂಸ್ಥೆ 1984ರಲ್ಲಿ ಮಾಡಿದ ಒಪ್ಪಂದ ಈ ಎರಡು ನೆಪಗಳನ್ನೂ ಹೆಸರು ಹಿಡಿದೇ ತಳ್ಳಿಹಾಕಿದೆ: ಯುದ್ಧವೂ ಕಾರಣವಲ್ಲ, ಮೇಲಧಿಕಾರಿಯ ಆಜ್ಞೆಯೂ ಕಾರಣವಲ್ಲ. ಭಾರತ ಅದಕ್ಕೆ 1997ರಲ್ಲಿ ಸಹಿ ಹಾಕಿತು. ಅನುಮೋದನೆ ಇನ್ನೂ ಆಗಿಲ್ಲ.