ಶಾಲಾ ಶೂ ವ್ಯಾಪಾರ: ಅಳೆಯದೆ ಮಾರುವ ರೂಢಿ ಬದಲಾಗಲಿ

ಮೇ ತಿಂಗಳ ಕೊನೆಯ ವಾರ ಹಾಗೂ ಜೂನ್ ತಿಂಗಳ ಮೊದಲ ದಿನಗಳಲ್ಲಿ ರಾಜ್ಯದ ಪಾದರಕ್ಷೆ ಅಂಗಡಿಗಳಲ್ಲಿ ನಿಲ್ಲಲು ಸ್ಥಳವಿರುವುದಿಲ್ಲ. ಶಾಲಾ ಶೂ ವಹಿವಾಟಿನ ದೊಡ್ಡ ಪಾಲು ಈ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಈ ನೂಕುನುಗ್ಗಲಿನಲ್ಲಿ ಮೊದಲು ಮರೆತುಹೋಗುವುದು ಅಳತೆ. ‘ಹೋದ ವರ್ಷ ಎಷ್ಟು ನಂಬರು?’ ಎಂದು ಕೇಳಿ, ಅದಕ್ಕೆ ಒಂದೋ ಎರಡೋ ಕೂಡಿಸಿ ಡಬ್ಬಿ ಕೈಗಿಡುವುದು ರೂಢಿಯಾಗಿಬಿಟ್ಟಿದೆ.

ಇದಕ್ಕೆ ವರ್ತಕರನ್ನೇ ದೂಷಿಸುವುದು ನ್ಯಾಯವಲ್ಲ. ಬೆಳೆಯುವ ಮಗುವಿಗೆ ಎರಡು ವರ್ಷ ಬಾಳುವಂತೆ ದೊಡ್ಡದನ್ನೇ ಕೊಡಿ ಎಂದು ಕೇಳುವವರು ಪೋಷಕರು. ಆದರೆ ಲೆಕ್ಕ ಹಾಕಿ ನೋಡಿದರೆ ಈ ಉಳಿತಾಯ ನಿಲ್ಲುವುದಿಲ್ಲ. ನಮ್ಮಲ್ಲಿ ಬಳಕೆಯಲ್ಲಿರುವ ಬ್ರಿಟಿಷ್ ಪದ್ಧತಿಯಲ್ಲಿ ಒಂದು ನಂಬರೆಂದರೆ ಇಂಚಿನ ಮೂರನೆಯ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್. ಎರಡು ನಂಬರು ಹೆಚ್ಚಿಸಿದರೆ 17 ಮಿಲಿಮೀಟರ್ ಖಾಲಿ ಜಾಗ ಹೆಚ್ಚುವರಿಯಾಗಿ ಉಳಿಯುತ್ತದೆ. ಪಾದ ಮುಂದಕ್ಕೆ ಜಾರುತ್ತದೆ, ಹಿಮ್ಮಡಿ ಉಜ್ಜಿ ಬೊಬ್ಬೆ ಏಳುತ್ತದೆ. ಮೇಲಾಗಿ ಶೂ ಮಡಿಚಿಕೊಳ್ಳಬೇಕಾದ ಕಡೆ ಮಡಿಚದೆ ಬೇರೆಡೆ ಮಡಿಚಿ ಅಲ್ಲಿಯೇ ಬಿರುಕು ಬಿಡುತ್ತದೆ. ಎರಡು ವರ್ಷಕ್ಕೆಂದು ಕೊಂಡದ್ದು ಒಂದು ವರ್ಷವೂ ಬಾಳದಿದ್ದಾಗ ಗ್ರಾಹಕನು ದೂರುವುದು ಅಳತೆಯನ್ನಲ್ಲ, ಅಂಗಡಿಯನ್ನು.

ಹೆಬ್ಬೆರಳಿನ ತುದಿಯಿಂದ ಶೂವಿನ ಮೂತಿಯವರೆಗೆ ಒಂದು ಸೆಂಟಿಮೀಟರಿನಷ್ಟು ಅಂತರವಿದ್ದರೆ ಸಾಕು. ಮಗುವನ್ನು ಕುಳ್ಳಿರಿಸದೆ ನಿಲ್ಲಿಸಿ, ಶಾಲೆಗೆ ಹಾಕುವ ಕಾಲುಚೀಲವನ್ನೇ ತೊಡಿಸಿ, ಎರಡೂ ಪಾದಗಳನ್ನು ಅಳೆದು, ದೊಡ್ಡ ಪಾದಕ್ಕೆ ಹೊಂದುವುದನ್ನು ಕೊಡಬೇಕು. ಸಂಜೆಯ ವೇಳೆಗೆ ಪಾದ ತುಸು ಊದಿಕೊಂಡಿರುವುದರಿಂದ ಆಗ ಅಳೆಯುವುದು ಲೇಸು. ಅಳತೆಯ ಹಲಗೆ ಇಲ್ಲದಿದ್ದರೆ ಒಂದು ಹಾಳೆ, ಒಂದು ಪೆನ್ಸಿಲು ಸಾಕು. ಎರಡು ನಿಮಿಷದ ಈ ಕೆಲಸವನ್ನು ದುಡಿಮೆಗೆ ಅಡ್ಡಿ ಎಂದು ಭಾವಿಸುವ ಅಂಗಡಿಗಳೇ ಹೆಚ್ಚು.

ಉದ್ದದ ಪ್ರಶ್ನೆ ಇಷ್ಟಾದರೆ, ಅಗಲದ ಪ್ರಶ್ನೆ ಸಣ್ಣ ತಯಾರಕರಿಗೆ ಸೇರಿದ್ದು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆಯಿತು. ಭಾರತೀಯರ ಪಾದಗಳು ಐರೋಪ್ಯರ ಪಾದಗಳಿಗಿಂತ ಅಗಲವೆಂಬುದು ಅದರಿಂದ ತಿಳಿದುಬಂದಿತು. ಇದರ ಆಧಾರದ ಮೇಲೆ ‘ಭಾ’ ಎಂಬ ಭಾರತೀಯ ಅಳತೆ ಪದ್ಧತಿಯನ್ನೂ ಸೂಚಿಸಲಾಗಿದೆ. ಬರಿಗಾಲಲ್ಲೂ ಚಪ್ಪಲಿಯಲ್ಲೂ ಓಡಾಡಿ ಬೆಳೆದ ಮಗುವಿನ ಪಾದವನ್ನು ವಿದೇಶಿ ಅಚ್ಚಿನ ಮೇಲೆ ಕಟ್ಟಿದ ಕಿರಿದಾದ ಶೂವಿನೊಳಗೆ ತುರುಕಿದಾಗ, ಅಗಲಕ್ಕಾಗಿ ಉದ್ದವನ್ನು ಹೆಚ್ಚಿಸುವುದು ಅನಿವಾರ್ಯವಾಗುತ್ತದೆ. ಅಗಲವಾದ ಅಚ್ಚಿನ ಮೇಲೆ ಶಾಲಾ ಶೂ ತಯಾರಿಸುವ ಸ್ಥಳೀಯ ಘಟಕಕ್ಕೆ ದೊಡ್ಡ ಬ್ರಾಂಡುಗಳ ಎದುರು ನಿಲ್ಲಲು ಇದಕ್ಕಿಂತ ಉತ್ತಮ ಅವಕಾಶ ಬೇರಿಲ್ಲ. ಅಚ್ಚುಗಳ ವೆಚ್ಚ ಭಾರವೆಂಬುದು ನಿಜ. ಆದರೆ 2025ರ ಸೆಪ್ಟೆಂಬರ್ 22ರಿಂದ ಜೊತೆಗೆ ₹2,500ರವರೆಗಿನ ಪಾದರಕ್ಷೆಗಳ ಮೇಲಿನ ಜಿ.ಎಸ್.ಟಿ. ಶೇ. 5ಕ್ಕೆ ಇಳಿದಿದೆ. ಅದಕ್ಕೂ ಮುನ್ನ ₹1,000 ದಾಟಿದೊಡನೆ ತೆರಿಗೆ ಶೇ. 12ರಿಂದ 18ಕ್ಕೆ ಏರುತ್ತಿತ್ತು. ಆ ಗಡಿಯೊಳಗೆ ಉಳಿಯಲೆಂದು ಅಟ್ಟೆಯಲ್ಲೋ ಒಳಪದರದಲ್ಲೋ ಕಡಿತ ಮಾಡುವ ಒತ್ತಡ ಈಗ ಇಲ್ಲ.

ಸರ್ಕಾರಿ ಶಾಲೆಗಳ ಖರೀದಿಯಲ್ಲಿ ಅಳತೆಯ ಲೋಪ ಇನ್ನೂ ದೊಡ್ಡದಾಗುವ ಸಂಭವವಿದೆ. 1ರಿಂದ 10ನೇ ತರಗತಿಯ ಮಕ್ಕಳಿಗೆ ಶೂ, ಕಾಲುಚೀಲ ನೀಡುವ ರಾಜ್ಯದ ಯೋಜನೆಯಲ್ಲಿ ಖರೀದಿಯ ಹೊಣೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯದು. 2022–23ರಲ್ಲಿ ತರಗತಿಗೆ ತಕ್ಕಂತೆ ಜೊತೆಗೆ ₹265, ₹295 ಮತ್ತು ₹325 ನಿಗದಿಯಾಗಿತ್ತು. ಈ ದರದಲ್ಲಿ ಪವಾಡ ನಿರೀಕ್ಷಿಸಲಾಗದು. ಆದರೂ ಐದನೇ ತರಗತಿಯಲ್ಲಿ ಇಷ್ಟು ಮಕ್ಕಳು ಎಂಬ ಪಟ್ಟಿಯ ಬದಲು ಇಷ್ಟು ನಂಬರಿನ ಇಷ್ಟು ಜೊತೆ ಎಂಬ ಪಟ್ಟಿಯನ್ನು ಸರಬರಾಜುದಾರನೇ ಕೇಳಿ ಪಡೆಯಬೇಕು. ಶಾಲೆಗೊಂದು ಅಳತೆಯ ಹಲಗೆ ಕಳುಹಿಸಿಕೊಟ್ಟರೆ ಬದಲಾಯಿಸಿಕೊಡುವ ತಾಪತ್ರಯವೂ ಆತನಿಗೆ ತಪ್ಪುತ್ತದೆ.

ಇನ್ನು ಆರೈಕೆಯ ಮಾತು. ಹೊಸ ಶೂ ಮೊದಲ ತಿಂಗಳಲ್ಲೇ ಮಳೆಗೆ ಸಿಲುಕುತ್ತದೆ. ನೆನೆದ ಶೂವನ್ನು ಒಲೆಯ ಬಳಿ ಇಟ್ಟರೆ ಚರ್ಮ ಸಿಡಿಯುತ್ತದೆ, ಅಂಟು ಸಡಿಲವಾಗುತ್ತದೆ. ಒಳಪದರ ತೆಗೆದು, ಹಳೆಯ ದಿನಪತ್ರಿಕೆ ತುರುಕಿ, ನೆರಳಿನ ಗಾಳಿಯಲ್ಲಿ ಒಣಗಿಸಬೇಕೆಂದು ನಾಲ್ಕು ಸಾಲಿನ ಕನ್ನಡ ಚೀಟಿಯೊಂದನ್ನು ಡಬ್ಬಿಯಲ್ಲಿಡುವುದು ದೊಡ್ಡ ಖರ್ಚಿನ ಕೆಲಸವಲ್ಲ.

ವರ್ತಕರ ಗೋದಾಮಿಗೂ ಆರೈಕೆ ಬೇಕು. ಪಾಲಿಯುರೆಥೇನ್ ಅಟ್ಟೆಯು ಬಳಸದೆ ಇಟ್ಟರೂ ತೇವಾಂಶದಿಂದ ಕೆಲವು ವರ್ಷಗಳಲ್ಲಿ ಒಳಗೊಳಗೇ ಶಿಥಿಲವಾಗಿ, ತೊಟ್ಟ ಕೆಲವೇ ದಿನಗಳಲ್ಲಿ ಪುಡಿಯಾಗುತ್ತದೆ. ಕರಾವಳಿ, ಮಲೆನಾಡಿನ ಅಂಗಡಿಗಳಿಗೆ ಇದು ಹೆಚ್ಚು ಅನ್ವಯಿಸುತ್ತದೆ. ಹಳೆಯ ದಾಸ್ತಾನನ್ನು ಹೊಸದರೊಡನೆ ಬೆರೆಸುವ ಮುನ್ನ ಅಟ್ಟೆಯನ್ನು ಬಗ್ಗಿಸಿ ನೋಡುವುದು, ಡಬ್ಬಿಯ ಮೇಲಿನ ತಯಾರಿಕೆಯ ತಿಂಗಳನ್ನು ಗಮನಿಸುವುದು ಮೇ ತಿಂಗಳಿಗೆ ಮೊದಲೇ ಮುಗಿಯಬೇಕಾದ ಕೆಲಸ.