ಹಿತ್ತಲಿಗೆ ಸಿಮೆಂಟು ಹಾಕಿ ಕೆಟ್ಟೆ

ಬೆಂಗಳೂರಿನ ಉಪ್ಪಾರಪೇಟೆಯಲ್ಲಿ ನಮ್ಮಕ್ಕನ ಮನೆ. ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದು ನಡೆದೇ ಹೋಗಬಹುದು. ಎದುರಾ ಎದುರು ಎರಡು ಸ್ಕೂಟರ್ ಬಂದ್ರೆ ಒಂದು ಹಿಂದಕ್ಕೆ ಸರೀಬೇಕು, ಅಂಥ ಗಲ್ಲಿ. ಮಣ್ಣಿನ ನೆಲ ಅನ್ನೋದು ಅಂಗೈ ಅಗಲ ಕೂಡ ಇಲ್ಲ.

ಹೋದ ವರ್ಷ ಸಂಕ್ರಾಂತಿಗೆ ಎಂಟು ದಿನ ಮುಂಚೆ ಕಲಾಸಿಪಾಳ್ಯದ ಮಾರ್ಕೆಟ್ಟಿಗೆ ಅವರೆಕಾಯಿ ಮೂಟೆ ಹಾಕಿ, ರಾತ್ರಿ ಅಲ್ಲೇ ಉಳಿದೆ. ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ತಾರಸಿಗೆ ಹೋದವನು ಹಾಗೇ ನಿಂತುಬಿಟ್ಟೆ. ಹಳೇ ಅಕ್ಕಿ ಚೀಲ, ಬಣ್ಣದ ಡಬ್ಬ, ಒಡೆದ ಬಕೆಟ್ಟುಗಳಲ್ಲಿ ಮೆಂತ್ಯ, ಕೊತ್ತಂಬರಿ, ಮೂಲಂಗಿ, ಟೊಮೇಟೊ. ಎರಡು ಕೋಸು ಗಡ್ಡೆ ಕಟ್ಟಿದ್ದವು. ಬಟ್ಟೆ ಒಣಗಿಸೋ ತಂತಿ ಮೇಲೆ ಚಪ್ಪರದವರೆ ಹಬ್ಬಿ ಗೊಂಚಲು ಗೊಂಚಲು ಕಾಯಿ. ಎಲೆ ಮೇಲೆ ಇನ್ನೂ ಇಬ್ಬನಿ ಆರಿರಲಿಲ್ಲ.

'ಏನೋ ಹಂಗೆ ನೋಡ್ತೀಯ? ಎರಡೆಕರೆ ಇಟ್ಕೊಂಡು ಸಂತೇಲಿ ಕೊತ್ತಂಬರಿ ಸೊಪ್ಪು ಕೊಳ್ತೀಯಂತೆ. ನಿನ್ನ ಹೆಂಡ್ತಿ ಹೇಳಿದ್ಲು' ಅಂದ್ಲು ಅಕ್ಕ.

ಮಾತು ನಿಜ. ಅದಕ್ಕೇ ಈ ಬರಹ.

ನಮ್ಮದು ಮಾಗಡಿ ಕಡೆ ಮಳೆಯಾಶ್ರಿತ ಬೇಸಾಯ. ರಾಗಿ, ಅಕ್ಕಡಿ ಸಾಲಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಆರು ವರ್ಷದ ಕೆಳಗೆ ಟ್ರ್ಯಾಕ್ಟರ್ ಟ್ರೈಲರ್ ನಿಲ್ಲಿಸೋಕೆ, ರಾಗಿ ಒಣಗಿಸೋಕೆ ಅಂತ ಹಿತ್ತಲಿಗೆ ಪೂರಾ ಸಿಮೆಂಟು ಹಾಕಿಸಿದೆ. 'ಒಂದು ಮೂಲೆ ಬಿಡಿ' ಅಂತ ಮನೆಯವಳು ಎರಡು ಸಲ ಕೇಳಿದ್ಲು. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ಹಿತ್ತಲು ಅಂದ್ರೆ ಹೆಂಗಸರ ಹೊತ್ತು ಕಳೆಯೋ ಕೆಲಸ ಅಂತ ನನ್ನ ಎಣಿಕೆ. ನಮ್ಮವ್ವನ ಕಾಲದ ಚಪ್ಪರದವರೆ ಬಳ್ಳಿಯೂ ಅವತ್ತೇ ಹೋಯ್ತು. ಬೀಜ ಎತ್ತಿಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಶುರುವಾಯ್ತು ನೋಡಿ. ಸೊಪ್ಪು, ಮೆಣಸಿನಕಾಯಿ, ಮೂಲಂಗಿ ಎಲ್ಲಕ್ಕೂ ವಾರದ ಸಂತೆ. ನಮ್ಮ ಮನೆಯಲ್ಲಿ ವಾರಕ್ಕೆ ಮುನ್ನೂರು ರೂಪಾಯಿಗೆ ಕಡಿಮೆ ಇಲ್ಲ. ಆ ಸಂತೆಗೆ ತರಕಾರಿ ಎಲ್ಲಿಂದ ಬರುತ್ತೆ? ಮಾರೋರನ್ನೇ ವಿಚಾರಿಸಿದೆ. ಕಲಾಸಿಪಾಳ್ಯದಿಂದ! ನಾನು ಅವರೆ ಹೊತ್ತು ಅಲ್ಲಿಗೆ ಹೋಗ್ತೀನಿ, ಮೂಲಂಗಿ ಅಲ್ಲಿಂದ ನನ್ನ ಮನೆಗೆ ಬರುತ್ತೆ. ಹೋಗೋ ಬಾಡಿಗೆ ನಂದೇ, ಬರೋ ಬಾಡಿಗೆ ನಂದೇ.

ಬೇಸಿಗೆಯಲ್ಲಿ ಹಿತ್ತಲು ಮಾಡಿ ಅಂತ ನಾನು ಯಾರಿಗೂ ಹೇಳಲ್ಲ. ಕುಡಿಯೋ ನೀರಿಗೇ ಪರದಾಟ. ಆದರೆ ಚಳಿಗಾಲದ ಲೆಕ್ಕ ಬೇರೆ. ಹಿಮ ಬೀಳೋ ದೇಶಗಳಲ್ಲಿ ಚಳಿಗಾಲ ಬಂತು ಅಂದ್ರೆ ತೋಟಕ್ಕೆ ಬಾಗಿಲು. ನಮ್ಮಲ್ಲಿ ಹಾಗಲ್ಲ. ಬೆಂಗಳೂರಲ್ಲಿ ದಾಖಲಾಗಿರೋ ಅತಿ ಹೆಚ್ಚಿನ ಚಳಿ ಅಂದ್ರೆ 1884ರ ಜನವರಿಯ 7.8 ಡಿಗ್ರಿ. ಸಾಮಾನ್ಯವಾಗಿ ಜನವರಿ ರಾತ್ರಿಗಳು 15-16 ಡಿಗ್ರಿ ಇರ್ತವೆ. ಇಷ್ಟು ಚಳಿ ಗಿಡ ಕೊಲ್ಲಲ್ಲ, ಸಾಕುತ್ತೆ. ಬೇಸಿಗೆಯಲ್ಲಿ ಬೇಗ ಹೂವಿಗೆ ಹೋಗಿ ಕೆಡೋ ಕೊತ್ತಂಬರಿ ಈಗ ದಟ್ಟವಾಗಿ ಬರುತ್ತೆ. ಕೋಸು, ಕ್ಯಾರೆಟ್ಟು, ಬಟಾಣಿಗೆ ಇದೇ ಕಾಲ. ಹಾಕಿದ ನೀರು ಬೇಗ ಆರಲ್ಲ. ರಾಗಿ ಕುಯ್ದು ಮೆದೆ ಹಾಕಿದ ಮೇಲೆ ನಮಗೂ ಒಂದಿಷ್ಟು ಬಿಡುವು.

ಪೇಟೆಯವರು ಈ ಕಾಲ ಮರೆತಿಲ್ಲ. ಕಾರ್ತಿಕದ ಕಡೇ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಆಮೇಲೆ ಬೀದಿ ಬೀದಿಯಲ್ಲಿ ಸೊಗಡಿನ ಅವರೆ ರಾಶಿ. ಜನವರಿಯಲ್ಲಿ ಹೈದರಾಲಿ 1760ರಲ್ಲಿ ಶುರು ಮಾಡಿದ ಲಾಲ್‌ಬಾಗಿನಲ್ಲಿ ಹೂವಿನ ಪ್ರದರ್ಶನ, ಟಿಕೆಟ್ ಕೊಟ್ಟು ನೋಡ್ತಾರೆ. ಬಸವನಗುಡಿ ಸುತ್ತಮುತ್ತಲ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಎಲ್ಲಾ ಒಂದು ಕಾಲಕ್ಕೆ ಕಡಲೆಕಾಯಿ ಬೆಳೆದ ಊರುಗಳೇ. ಹೊಲ ಹೋದರೂ ಪರಿಷೆ ಉಳಿಸ್ಕೊಂಡಿದ್ದಾರೆ. ಹೊಲ ಇರೋ ನಾವು ಹಿತ್ತಲು ಕಳ್ಕೊಂಡು ಕೂತಿದ್ದೀವಿ.

ಅವತ್ತು ಹೊರಡುವಾಗ ಅಕ್ಕ ಒಂದು ಪೊಟ್ಟಣ ಕೊಟ್ಲು. 'ಅವ್ವನ ಬೀಜ ಕಣೋ. ಮದುವೆಯಾಗಿ ಬರುವಾಗ ತಂದಿದ್ದೆ' ಅಂದ್ಲು. ಊರಲ್ಲಿ ನಾನು ಕಳೆದ ಬೀಜವನ್ನ ಉಪ್ಪಾರಪೇಟೆ ತಾರಸಿ ಮೇಲೆ ನಲವತ್ತು ವರ್ಷ ಕಾಪಾಡಿದ್ಲು. ನನಗೆ ಮಾತು ಹೊರಡಲಿಲ್ಲ.

ಬಂದವನೇ ಬಚ್ಚಲ ಹಿಂದೆ ಹತ್ತಡಿ ಉದ್ದ, ಹನ್ನೆರಡಡಿ ಅಗಲ ಸಿಮೆಂಟು ಒಡೆಸಿದೆ. ಕೆಳಗಿನ ಮಣ್ಣು ಕಲ್ಲಿನಂಗೆ ಸತ್ತಿತ್ತು. ಬೇಸಿಗೆಯಲ್ಲಿ ಕೆರೆಗೋಡು, ಕೊಟ್ಟಿಗೆ ಗೊಬ್ಬರ ತುಂಬಿದೆ. ಶ್ರಾವಣದಲ್ಲಿ ಅವರೆ ಊರಿದೆವು. ದೀಪಾವಳಿ ಕಳೆದ ಮೇಲೆ ಮೂಲಂಗಿ, ಮೆಂತ್ಯ, ದಂಟು. ಕೊತ್ತಂಬರಿ ಬೀಜ ಉಜ್ಜಿ ಎರಡು ಹೋಳು ಮಾಡಿ ಹಾಕಬೇಕು, ಇಡೀ ಬೀಜ ಹಾಕಿದ್ರೆ ತಡವಾಗಿ ಹುಟ್ಟುತ್ತೆ. ಒಂದೇ ಸಲ ಎಲ್ಲಾ ಬಿತ್ತದೆ ಹದಿನೈದು ದಿನಕ್ಕೊಂದು ಸಲ ಒಂದೊಂದು ಹಿಡಿ ಹಾಕಿದ್ರೆ ಸಂಕ್ರಾಂತಿ ದಾಟೋವರೆಗೂ ಸೊಪ್ಪು ಸಿಗುತ್ತೆ. ಮೆಂತ್ಯ ತಿಂಗಳೊಳಗೆ ಕೈಗೆ ಬಂತು, ಮೂಲಂಗಿ ನಲವತ್ತೈದು ದಿನಕ್ಕೆ.

ಬಳ್ಳಿ ಹೂವಿಗೆ ಬಂದಾಗ ಒಂದು ಸಂಗತಿ ಕಂಡೆ. ನಾಟಿ ಅವರೆ ಹೂ ಬಿಡಬೇಕಾದ್ರೆ ಹಗಲು ಕಿರಿದಾಗಿ ಇರುಳು ಉದ್ದವಾಗಬೇಕು. ನಮ್ಮ ಕೊಟ್ಟಿಗೆ ದೀಪ ರಾತ್ರಿ ಎಲ್ಲಾ ಉರೀತಿತ್ತು. ಆ ಬೆಳಕು ಬೀಳೋ ಕಡೆ ಬರೀ ಎಲೆ, ಕತ್ತಲಿದ್ದ ಕಡೆ ಹೂವು! ದೀಪ ಆರಿಸೋಕೆ ಶುರು ಮಾಡಿದ ಮೇಲೆ ಅಲ್ಲೂ ಹೂ ಕಂಡಿತು. ಹೇನು ಬಿದ್ದಾಗ ಇಬ್ಬನಿ ಆರೋ ಮುಂಚೆ ಒಲೆ ಬೂದಿ ಎರಚಿದೆವು. ಪೂರಾ ಹೋಗಲಿಲ್ಲ, ಹತೋಟಿಗೆ ಬಂತು.

ನೀರೆಲ್ಲಿ ಅಂತ ಕೇಳ್ತೀರಿ. ನಮ್ಮದು ಐದು ಜನರ ಬಚ್ಚಲ ನೀರು, ಚಳಿಗಾಲಕ್ಕೆ ಅಷ್ಟೇ ಸಾಕಾಯ್ತು. ಬಟ್ಟೆ ಒಗೆದ ಸೋಪಿನ ಪುಡಿ ನೀರನ್ನ ಮಾತ್ರ ಸೊಪ್ಪಿಗೆ ಬಿಡಬೇಡಿ, ದೂರದ ಬಾಳೆಗೆ ತಿರುಗಿಸಿ. ಇನ್ನು ಕೋಳಿ, ಕೋತಿ ಕಾಟ. ಕೋಳಿಗೆ ಮುಳ್ಳುಬೇಲಿ ಹಾಕಿದೆ. ಕೋತಿ ಮುಂದೆ ಸೋತೆ, ಟೊಮೇಟೊ ಅರ್ಧ ಅವುಗಳ ಪಾಲು. ಅದಕ್ಕೇ ಈ ಸಲ ಟೊಮೇಟೊ ಕಡಿಮೆ ಮಾಡಿ ಸೊಪ್ಪು, ಗಡ್ಡೆ ಹೆಚ್ಚು ಮಾಡಿದ್ದೀವಿ.

'ಇದರಿಂದ ಎಷ್ಟು ಉಳೀತಪ್ಪಾ?' ಅಂತ ಪಕ್ಕದ ಮನೆಯವರು ಕೇಳಿದ್ರು. ಈ ಚಳಿಗಾಲದಲ್ಲಿ ಸಂತೆ ಖರ್ಚು ಅರ್ಧಕ್ಕಿಂತ ಕಡಿಮೆ ಆಗಿದೆ. ಸೊಪ್ಪಿಗೆ ಕಾಸು ಕೊಡಿ ಅಂತ ಮನೆಯವಳು ನನ್ನ ಮುಂದೆ ಕೈ ಚಾಚಬೇಕಾಗಿಲ್ಲ. ಅದಕ್ಕೆ ಬೆಲೆ ಕಟ್ಟೋಕೆ ನನಗೆ ಬರಲ್ಲ. ಬೆಳಿಗ್ಗೆ ಎಳೆ ಬಿಸಿಲಿಗೆ ಚಪ್ಪರದ ಪಕ್ಕ ಕೂತು ಇಬ್ಬರೂ ಕಾಯಿ ಬಿಡಿಸ್ತೀವಿ. ಮದುವೆಯಾಗಿ ಮೂವತ್ತು ವರ್ಷದಲ್ಲಿ ಹಾಗೆ ಸುಮ್ಮನೆ ಕೂತಿದ್ದು ಕಡಿಮೆ. ಮಳೆ ಬಂತಾ, ರೇಟು ಸಿಕ್ತಾ ಅನ್ನೋದರಲ್ಲೇ ವರ್ಷವೆಲ್ಲಾ ಕಳೆಯೋ ನಮಗೆ ಈ ಎರಡು ತಿಂಗಳ ಖುಷಿಯೂ ಬೇಡ್ವೇ?

ಮನೆ ಕಟ್ಟಿಸುವ, ಅಂಗಳ ಮಾಡಿಸುವ ಯೋಚನೆ ಇರೋರು ದಯವಿಟ್ಟು ಬಚ್ಚಲ ಹಿಂದೆ ನಾಲ್ಕು ಮಾರು ಮಣ್ಣು ಬಿಡಿ. ಸಿಮೆಂಟು ಹಾಕೋ ಮುಂಚೆ ಮನೆಯವರನ್ನ ಒಂದು ಮಾತು ಕೇಳಿ. ಅವ್ವನ ಅವರೆ ಈ ಸಲ ಚೆನ್ನಾಗಿ ಕಾಯಿ ಕಟ್ಟಿದೆ. ಬೀಜಕ್ಕೆ ಅಂತ ಒಂದು ಬಳ್ಳಿ ಹಾಗೇ ಬಿಟ್ಟಿದ್ದೀವಿ. ಬೇಕಾದವರು ಹುಣ್ಣಿಮೆ ಕಳೆದ ಮೇಲೆ ಬನ್ನಿ, ಒಂದೊಂದು ಹಿಡಿ ಕೊಡ್ತೀವಿ.